ಪಟಿಕದ ನಕ್ಷತ್ರ

ಮಾರ್ಚ್ ೩, ಸೋಮವಾರ

ಔಷಧಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಎರಡು ತಿಂಗಳಿಂದ ಕತ್ತರಿ ಡಬ್ಬಿಯ ಕೆಳಗೆ ಬಿದ್ದಿತ್ತು. ಇವತ್ತು ಹೊರಗೆ ತೆಗೆಯುವಂತಾದದ್ದು ಮಗಳ ದೆಸೆಯಿಂದ. ಶಾಲೆಯಲ್ಲಿ ವಿಜ್ಞಾನದ ಮೇಡಂ ಮನೆಯಲ್ಲೇ ಹರಳು ಬೆಳೆಸುವ ಪ್ರಯೋಗ ಹೇಳಿದ್ದಾರೆ. ಕಂಡದ್ದನ್ನು ದಿನಾ ಪುಸ್ತಕದಲ್ಲಿ ಬರೆಯಬೇಕಂತೆ. ಅವಳು ಬರೆಯುವಾಗ ನಾನು ಎದುರಿಗೆ ಕೂತು ಆಕಳಿಸಿದರೆ ಅವಳ ಗಮನ ಕೆಡುತ್ತದಂತೆ, ಆದ್ದರಿಂದ ನೀನೂ ಏನಾದರೂ ಬರಿ ಎಂದು ಅಪ್ಪಣೆಯಾಯಿತು. ಒಂಬತ್ತು ವರ್ಷದವಳ ಅಪ್ಪಣೆ, ಮೀರುವುದು ಹೇಗೆ. ಅವಳದು ಮೇಡಂಗೆ ತೋರಿಸುವ ಪುಸ್ತಕ, ನನ್ನದು ಯಾರಿಗೂ ತೋರಿಸದ್ದು.

ಬೇಕಾದ ಸಾಮಾನಿನ ಪಟ್ಟಿ ಓದಿದಳು. ಅಗಲ ಬಾಯಿಯ ಗಾಜಿನ ಬಾಟಲಿ, ಸಣ್ಣ ತಂತಿ, ಉಣ್ಣೆ ದಾರ, ಪೆನ್ಸಿಲ್, ಪಟಿಕ. ಪಟಿಕ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ನಗು ತಡೆಯಲಾಗಲಿಲ್ಲ. ಹದಿನೆಂಟು ವರ್ಷದಿಂದ ಊರವರ ಗಡ್ಡ ಕೆರೆದು, ಗೀರಿದಲ್ಲೆಲ್ಲ ಪಟಿಕ ಉಜ್ಜುತ್ತ ಬಂದವನ ಮಗಳು ಕೇಳುವ ಪ್ರಶ್ನೆಯೇ ಇದು. ಮುಂದಿನ ಕೋಣೆಯೇ ನನ್ನ ಕಟಿಂಗ್ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ. ಅಂಗಡಿಯ ಕಪಾಟಿನಿಂದ ಸೋಪಿನಷ್ಟು ದಪ್ಪದ ಎರಡು ಗಟ್ಟಿ ತಂದು ಮುಂದಿಟ್ಟೆ. ಒಂದನ್ನು ನೆಕ್ಕಿ ನೋಡಿ ಮುಖ ಕಿವುಚಿದಳು. ಬಹಳ ಬುದ್ಧಿವಂತೆ ಅನ್ನುತ್ತಾರೆ ಶಾಲೆಯಲ್ಲಿ. ಇರಬಹುದಪ್ಪ.

ಮಾರ್ಚ್ ೪, ಮಂಗಳವಾರ

ಅಂಗಡಿಗೆ ವಾರದ ರಜೆ. ಶಾಲೆಯಿಂದ ಬಂದವಳೇ ನನ್ನ ಪಿಟೀಲು ಕೆಲಸಕ್ಕೆ ಹತ್ತಿದಳು. (ಕೂಸಾಗಿದ್ದಾಗ ಇವಳು ಜೋರಾಗಿ ಅಳುತ್ತಿರಲಿಲ್ಲ, ಸಣ್ಣಗೆ ಎಳೆದೆಳೆದು ಅಳುತ್ತಿದ್ದಳು. ಪಿಟೀಲು ಎಂಬ ಹೆಸರು ಅದರಿಂದ ಬಂದದ್ದು. ಇಟ್ಟವನು ನಾನು.) ಬಿಸಿನೀರಿಗೆ ಪಟಿಕದ ಪುಡಿ ಹಾಕಿ ಕಲಕುತ್ತ ಹೋಗಬೇಕು. ಸಾಕಪ್ಪಾ, ಇನ್ನು ಕರಗುವುದಿಲ್ಲ ಎಂದು ನೀರೇ ಕೈಯೆತ್ತುವವರೆಗೆ. ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಬೇಕು. ತಂತಿಯನ್ನು ನಕ್ಷತ್ರದ ಹಾಗೆ ಬಗ್ಗಿಸಿ, ಮೇಲೆ ಉಣ್ಣೆ ದಾರ ಸುತ್ತಿ, ಪೆನ್ಸಿಲಿಗೆ ಕಟ್ಟಿ ನೀರೊಳಗೆ ಇಳಿಬಿಡಬೇಕು. ಆಮೇಲೆ ಯಾರೂ ಮುಟ್ಟಬಾರದು. ನೀರು ಆರುತ್ತ ಬಂದ ಹಾಗೆ ಪಟಿಕ ದಾರಕ್ಕೆ ಅಂಟಿ ಹರಳಾಗುತ್ತದೆ. ಒಂದು ನಕ್ಷತ್ರಕ್ಕೆ ಮೂರು ದಿನ.

ಏಳು ಮಾಡುತ್ತೇನೆ ಅಂದಳು. ಮೇಡಂ ಕೇಳಿದ್ದು ಒಂದಲ್ಲವಾ ಎಂದೆ. ಒಂದು ಶಾಲೆಗೆ ತೋರಿಸಿ ತರುತ್ತೇನೆ, ಏಳೂ ಅಮ್ಮನ ಮನೆ ಕಿಟಕಿಗೆ ಎಂದಳು. ಅವಳಮ್ಮ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಒಂದೂವರೆ ವರ್ಷದಿಂದ ಅಲ್ಲಿಯೇ ಹಾಸ್ಟೆಲಿನಲ್ಲಿದ್ದಾಳೆ. ಈಗ ಆಸ್ಪತ್ರೆಯವರು ಎರಡು ಕೋಣೆಯ ಮನೆ ಕೊಟ್ಟಿದ್ದಾರೆ. ಮನೆ ಸಿಕ್ಕಿದ ದಿನ, ಎಲ್ಲಿರಬೇಕೆಂದು ಮಗಳನ್ನೇ ಕೇಳೋಣ ಎಂಬುದು ನಮ್ಮಿಬ್ಬರ ನಡುವಿನ ಒಪ್ಪಂದ. ಕೇಳಿದ್ದೂ ಆಗಿದೆ. ಫೋನಿನಲ್ಲಿ. ಇವಳು ಉತ್ತರ ಹೇಳಿದ್ದೂ ಆಗಿದೆ. ಏಳು ನಕ್ಷತ್ರ ಆದ ತಕ್ಷಣ ಬರುತ್ತೇನೆ ಅಂದಳಂತೆ.

ನನಗೆ ಇದೆಲ್ಲ ತಿಳಿದದ್ದು ತಂತಿ ಬಗ್ಗಿಸುತ್ತಿರುವಾಗ. ಸರಿ ಮಗಾ ಎಂದೆ. ಇನ್ನೇನು ಅನ್ನಲಿ.

ಮಾರ್ಚ್ ೫, ಬುಧವಾರ

ಮೂರೇಳ್ಲ ಇಪ್ಪತ್ತೊಂದು. ಅಂದರೆ ಇನ್ನು ಮೂರು ವಾರ.

ನಿನ್ನೆ ಬರೆದದ್ದನ್ನು ಓದಿದರೆ ಹೆಂಡತಿ ಓಡಿಹೋದವನ ಹಾಗೆ ಕಾಣುತ್ತೇನೆ. ಹಾಗೇನಿಲ್ಲ. ಅವಳು ಹೇಳಿಯೇ ಹೋದಳು, ಪೆಟ್ಟಿಗೆ ಇಸ್ತ್ರಿ ಬಟ್ಟೆಯ ಹಾಗೆ ನೀಟಾಗಿ ತುಂಬಿಕೊಂಡು. ನಾನು ಕುಡಿಯುವವನಲ್ಲ, ಕೈಯೆತ್ತಿದವನಲ್ಲ, ಬೈದವನೂ ಅಲ್ಲ. ಅವಳು ಏನು ಕೇಳಿದರೂ ಹೂಂ ಅಂದವನು. ಒಂದು ಕಾಗದ ಅವಳ ಕೈಗೆ ಸಿಗುವುದು ತಡವಾಯಿತು, ಅಷ್ಟೆ. ಇದೇ ಊರಿನ ದೊಡ್ಡ ಆಸ್ಪತ್ರೆ ಸಂದರ್ಶನಕ್ಕೆ ಕರೆದ ಕಾಗದ. ಅಂಗಡಿಯ ಕನ್ನಡಿಯ ಹಿಂದೆ ಬಿದ್ದುಹೋಗಿತ್ತು. ಹತ್ತು ದಿನ ಬಿಟ್ಟು ಸಿಕ್ಕಿತು. ಆ ಹೊತ್ತಿಗೆ ಸಂದರ್ಶನ ಮುಗಿದಿತ್ತು. ಕಾಗದ ಜಾರಿ ಬೀಳುವುದಿಲ್ಲವೇ? ಬೀಳುತ್ತದೆ.

ಮಾರ್ಚ್ ೭, ಶುಕ್ರವಾರ

ಮೊದಲ ನಕ್ಷತ್ರ ಆಯಿತು. ನಿಜ ಹೇಳುತ್ತೇನೆ, ನಾನೂ ಬೆರಗಾದೆ. ನನ್ನ ಕೈಯಲ್ಲಿ ಇಷ್ಟು ವರ್ಷ ಸವೆದುಹೋದ ಪಟಿಕ ಇದೇನಾ ಅನ್ನಿಸಿತು. ಹರಳಿನ ಒಂದೊಂದು ಮುಖವೂ ಹೊಸ ಬ್ಲೇಡಿನ ಅಂಚಿನಷ್ಟು ನೇರ. ಪಿಟೀಲು ಅದನ್ನು ಕಿಟಕಿಗೆ ಹಿಡಿದು, ಬಾಯಿ ತೆರೆದು ನಿಂತಳು. ಮುಂದಿನ ಎರಡು ಹಲ್ಲು ಬೇರೆ ಇಲ್ಲ. ಪಕ್ಕದ ಅಂಗಡಿಯ ದರ್ಜಿ ಬಂದು ನೋಡಿ, ನಿಮ್ಮಪ್ಪ ಬೋಳು ಮಾಡಿದ ತಲೆಗಳಿಗಿಂತ ಇದು ಚೆನ್ನಾಗಿ ಹೊಳೆಯುತ್ತದೆ ಅಂದ. ಅವಳು ಬಿದ್ದು ಬಿದ್ದು ನಕ್ಕಳು. ಸಂಜೆಯೇ ಎರಡನೆಯದನ್ನು ಇಳಿಬಿಟ್ಟಳು.

ಮಾರ್ಚ್ ೧೦, ಸೋಮವಾರ

ಎಡವಟ್ಟಾಯಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಒಳಗೆ ಬಂದಾಗ ಬಾಟಲಿಯ ನೀರು ಒಂದು ಬೆರಳು ಇಳಿದಿತ್ತು. ನನ್ನದು ಹಾಳು ಅಭ್ಯಾಸ, ಯಾವ ಪಾತ್ರೆಯೂ ಅರ್ಧ ಇರಬಾರದು. ಗಡ್ಡಕ್ಕೆಂದು ಕಾಯಿಸಿದ ನೀರು ಮಿಕ್ಕಿತ್ತು, ಒಂದು ಲೋಟ ಹುಯ್ದು ಭರ್ತಿ ಮಾಡಿದೆ. ಸಂಜೆ ಅವಳು ಬಂದು ನೋಡಿದರೆ ತಂತಿ, ದಾರ ಎರಡೇ ನೇತಾಡುತ್ತಿವೆ. ಮೂರು ದಿನ ಬೆಳೆದಿದ್ದ ಹರಳು ಹೇಳಹೆಸರಿಲ್ಲದೆ ಕರಗಿದೆ. ಹೊಸ ನೀರು ಬಿದ್ದರೆ ಮತ್ತೆ ಕರಗಿಸಿಕೊಳ್ಳುತ್ತದೆ ಎಂದು ನನಗೇನು ಗೊತ್ತು.

ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು, ಪರವಾಗಿಲ್ಲ, ಮತ್ತೆ ಇಡುತ್ತೇನೆ, ಮೂರು ದಿನ ತಡ ಅಷ್ಟೇ ಅಂದಳು.

ಮೂರು ದಿನ ತಡ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಹೇಳಲಿಲ್ಲ.

ಮಾರ್ಚ್ ೧೩, ಗುರುವಾರ

ಹಾಕಿದೆ. ಒಂದೇ ಲೋಟ.

ಮಾರ್ಚ್ ೧೪, ಶುಕ್ರವಾರ

ನನ್ನ ಲೆಕ್ಕ ಏನೆಂದು ಇಲ್ಲಿ ಬರೆದಿಡುತ್ತೇನೆ, ತಪ್ಪಿದ್ದರೆ ಯಾರಾದರೂ ಹೇಳಲಿ. ಇವಳು ಹೋಗುತ್ತೇನೆ ಅಂದದ್ದು ಹೊಸ ಮನೆಯ ಆಸೆಗೆ. ಮಕ್ಕಳ ಆಸೆ ಹದಿನೈದು ದಿನದ್ದು. ಸ್ವಲ್ಪ ಎಳೆದರೆ ತಾನೇ ಮರೆಯುತ್ತಾಳೆ. ನಾನು ಬೇಡ ಅಂದರೆ ಹಟ ಹಿಡಿಯುತ್ತಾಳೆ, ಅವಳಮ್ಮನ ಮಗಳು ತಾನೇ. ಆದ್ದರಿಂದ ಬೇಡ ಅನ್ನುವುದಿಲ್ಲ. ಬಾಚಣಿಗೆ ಹಿಡಿದು ಜಡೆ ಹೆಣೆದದ್ದು ನಾನು, ಜ್ವರ ಬಂದಾಗ ಅಂಗಡಿ ಮುಚ್ಚಿ ಕೂತವನು ನಾನು, ಬೀಳುವ ಹಲ್ಲಿಗೆ ದಾರ ಕಟ್ಟಿ ಎಳೆದದ್ದೂ ನಾನು. ಬೆಳಿಗ್ಗೆ ಎದ್ದಾಗ ಆ ಮಂಚ ಖಾಲಿ ಇರುವುದನ್ನು ನೆನೆದು, ರಾತ್ರಿ ಎರಡು ಸಲ ಎದ್ದು ಅವಳ ಹೊದಿಕೆ ಸರಿ ಮಾಡಿದೆ. ಒಂದು ಲೋಟ ನೀರಿನಿಂದ ಯಾರ ಗಂಟೇನು ಹೋಯಿತು?

ಮಾರ್ಚ್ ೧೭, ಸೋಮವಾರ

ಪಿಟೀಲು ಸುಮ್ಮನೆ ಕೂರುವ ಜಾತಿಯಲ್ಲ. ಬಾಟಲಿಯನ್ನು ಕಿಟಕಿಯಿಂದ ಅಡುಗೆ ಕಟ್ಟೆಗೆ ಬದಲಾಯಿಸಿದಳು. ಮುಚ್ಚಲು ಕಾಗದದ ಬದಲು ಬಟ್ಟೆ. ದಾರ ಬದಲಾಯಿಸಿದಳು. ಒಂದೊಂದನ್ನೂ ಪುಸ್ತಕದಲ್ಲಿ ಬರೆಯುತ್ತಾಳೆ. ಅವಳು ಸ್ನಾನಕ್ಕೆ ಹೋದಾಗ ಓದಿದೆ. "ಸ್ಥಳ ಬದಲಾಯಿಸಿದೆ. ಬೆಳೆಯಿತು. ಮರುದಿನ ಸಂಜೆ ಕರಗಿತು. ದಾರ ಬದಲಾಯಿಸಿದೆ. ಬೆಳೆಯಿತು. ಸಂಜೆ ಕರಗಿತು." ಇಷ್ಟೇ. ಅಳು ಇಲ್ಲ, ದೂರು ಇಲ್ಲ. ಪೊಲೀಸಿನವರು ಬರೆಯುವ ಹಾಗಿದೆ.

ಶನಿವಾರ ಹಾಕಿದ್ದೆ, ಇವತ್ತೂ ಹಾಕಿದೆ. ಇಲ್ಲಿಗೆ ನಾಲ್ಕು ಸಲ.

ಮಾರ್ಚ್ ೧೮, ಮಂಗಳವಾರ

ಅವಳಮ್ಮನ ಫೋನ್. ನಕ್ಷತ್ರ ಎಲ್ಲಿಗೆ ಬಂತು ಎಂದು ಕೇಳಿದಳು. ಹವೆ ಸರಿಯಿಲ್ಲ, ಒಂದಾಗಿದೆ ಎಂದೆ. ನೀವು ಜೊತೆಗಿದ್ದು ಮಾಡಿಸುತ್ತಿದ್ದೀರಲ್ಲ, ಅದು ಸಂತೋಷ ಎಂದಳು. ಹೂಂ ಅಂದೆ. ಫೋನ್ ಇಟ್ಟ ಮೇಲೆ, ಇವತ್ತು ರಜೆ ಎನ್ನುವುದನ್ನೂ ಮರೆತು ಅಂಗಡಿಯ ಬಾಗಿಲು ತೆಗೆದು ಖಾಲಿ ಕುರ್ಚಿ ಒರೆಸಿದೆ.

ಮಾರ್ಚ್ ೧೯, ಬುಧವಾರ

ಹೊಸ ಪ್ರಯೋಗ. ಶಾಲೆಯಲ್ಲಿ ಯಾರ ಹರಳೂ ಕರಗಿಲ್ಲವಂತೆ, ಇವಳದರಲ್ಲಿ ಉಳಿದದ್ದು ನಾನು ತಂತಿ ಬಗ್ಗಿಸಿದ ಮೊದಲನೆಯದೊಂದೇ. ಜಾಗ, ದಾರ, ಮುಚ್ಚಳ ಎಲ್ಲವನ್ನೂ ನೋಡಿ ಆಯಿತು, ಇನ್ನು ಉಳಿದಿರುವುದು ಮಾಡಿದವರ ಕೈ ಅಂದಳು. ಆದ್ದರಿಂದ ಎರಡು ಬಾಟಲಿ. ಒಂದನ್ನು ಪೂರ್ತಿ ಅವಳೇ ಮಾಡುವುದು, ಇನ್ನೊಂದನ್ನು ಪೂರ್ತಿ ನಾನೇ. ಒಂದರ ಮೇಲೆ ನಾನು ಎಂದು ಚೀಟಿ ಅಂಟಿಸಿದಳು, ಇನ್ನೊಂದರ ಮೇಲೆ ಅಪ್ಪ ಎಂದು. ಅವಳು ಚಮಚದಲ್ಲಿ ಅಳೆದು ಹಾಕಿದಳು. ನಾನು ಅಂಗಡಿಯವನು, ಕೈ ಅಂದಾಜಿನಲ್ಲಿ ಸುರಿದೆ. ಸೋಸುವ ತಾಳ್ಮೆಯೂ ಇರಲಿಲ್ಲ, ಕರಗದೆ ಉಳಿದದ್ದು ತಳದಲ್ಲಿ ಹಾಗೇ ಕೂತಿತು.

ಕೈಯಿಂದ ಏನಾಗುತ್ತದೆ ಮಗಾ ಎಂದು ಕೇಳಿದೆ. ಕೈಗುಣ ಅಂತ ನೀನೇ ಹೇಳುತ್ತೀಯಲ್ಲ ಎಂದಳು. ಹೇಳುತ್ತೇನೆ, ಗಿರಾಕಿಗಳ ಮುಂದೆ ಜಂಬ ಕೊಚ್ಚಲು. ನನ್ನ ಕೈಗುಣ ಅಂಥದ್ದು ಸ್ವಾಮಿ, ಕೂದಲು ದಟ್ಟವಾಗಿ ಬರುತ್ತದೆ ಎಂದು. ಅದನ್ನು ಇವಳು ಕೇಳಿಸಿಕೊಂಡು ಕೂತಿದ್ದಾಳೆಂದು ಯಾರಿಗೆ ಗೊತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ಎರಡೂ ಚೆನ್ನಾಗಿ ಬಂದಿದ್ದವು. ಇವತ್ತು ಮಧ್ಯಾಹ್ನ ತುಂಬಾ ಹೊತ್ತು ಲೋಟ ಹಿಡಿದು ನಿಂತಿದ್ದೆ. ಅವಳದಕ್ಕೆ ಮಾತ್ರ ಹಾಕಿದರೆ ಅವಳ ಕೈಯದೇ ತಪ್ಪು ಅಂತಾಗುತ್ತದೆ. ಎರಡಕ್ಕೂ ಹಾಕಿದರೆ ಪಟಿಕವೇ ಸರಿಯಿಲ್ಲ ಎಂದುಕೊಳ್ಳುತ್ತಾಳೆ. ಹೀಗೆ ಯೋಚಿಸಿ, ನನ್ನನ್ನೇ ನಾನು ಮೆಚ್ಚಿಕೊಂಡು, ಎರಡಕ್ಕೂ ಸಮಸಮ ಹಾಕಿದೆ.

ಸಂಜೆ ಅವಳ ಬಾಟಲಿಯಲ್ಲಿ ಬರೀ ತಂತಿ. ನನ್ನದರಲ್ಲಿ ನಕ್ಷತ್ರ ಇದ್ದ ಹಾಗೇ ಇದೆ, ಒಂದು ಮೂಲೆಯೂ ಮುಕ್ಕಾಗಿಲ್ಲ. ತಳದಲ್ಲಿ ಮಿಕ್ಕಿದ್ದ ಪಟಿಕವನ್ನೇ ಕರಗಿಸಿಕೊಂಡು ನೀರು ತೃಪ್ತಿಪಟ್ಟಿತ್ತು, ನಕ್ಷತ್ರದ ತಂಟೆಗೆ ಹೋಗಿರಲಿಲ್ಲ. ಈಗ ಹೊಳೆಯುತ್ತಿದೆ ನನ್ನ ದಡ್ಡತಲೆಗೆ.

ಅವಳು ಎರಡು ಬಾಟಲಿಗಳನ್ನೂ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು, ಮೇಲೆ ಒಂದು ಸಲ, ಅಂಗೈ ಒಂದು ಸಲ. ಅಳಲಿಲ್ಲ.

"ನನ್ನ ಕೈಯೇ ಸರಿ ಇಲ್ಲಪ್ಪ. ನಾನು ಮುಟ್ಟಿದ್ದು ಉಳಿಯಲ್ಲ."

ಹಾಗೆಲ್ಲ ಇರುವುದಿಲ್ಲ, ಬಾ ಊಟ ಮಾಡು ಎಂದೆ. ಇನ್ನೂ ಮಣ್ಣು ಮಸಿ ಏನೇನೋ ಹೇಳಿದೆ. ನಿಜವನ್ನು ಮಾತ್ರ ಹೇಳಲಿಲ್ಲ.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ಅವಳೇ ಅಮ್ಮನಿಗೆ ಫೋನ್ ಮಾಡಿದಳು. ನಾನು ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದೆ, ಬಾಗಿಲು ತೆರೆದಿತ್ತು, ಎಲ್ಲ ಕೇಳಿಸಿತು. "ನಾನು ಬರಲ್ಲಮ್ಮ. ಇಲ್ಲೇ ಇರ್ತೀನಿ." ಯಾಕೆ ಎಂದು ಅವಳಮ್ಮ ಕೇಳಿರಬೇಕು. ಇವಳು, ಹಾಗೇ ಎಂದು ಫೋನ್ ಇಟ್ಟಳು.

ಇಲ್ಲೇ ಇರುತ್ತಾಳೆ.

ಮಾರ್ಚ್ ೨೩, ಭಾನುವಾರ

ಇರುತ್ತಾಳೆ. ಎರಡು ಸಲ ಬರೆದರೂ ಖುಷಿ ಆಗುತ್ತಿಲ್ಲ. ಆಯಾಸ ಇರಬೇಕು, ಭಾನುವಾರ ಗಿರಾಕಿ ಜಾಸ್ತಿ.

ಮಾರ್ಚ್ ೨೬, ಬುಧವಾರ

ದರ್ಜಿಯ ಮಗಳು ಬಾಣಂತಿ, ಕೂಸನ್ನು ಮೊದಲ ಸಲ ಅವನ ಅಂಗಡಿಗೆ ತಂದಿದ್ದಳು. ದರ್ಜಿ ಊರಿಗೆಲ್ಲ ಕೇಳುವ ಹಾಗೆ ತಾತನ ಗತ್ತು ತೋರಿಸುತ್ತಿದ್ದ. ಪಿಟೀಲಿಗೆ ಕೂಸೆಂದರೆ ಪ್ರಾಣ. ಎತ್ತಿಕೋ ಎಂದು ಅವನು ಮುಂದೆ ಹಿಡಿದ. ಇವಳು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬೇಡ ಮಾವ, ನಾನು ಮುಟ್ಟಲ್ಲ ಅಂದಳು. ಅವನು ತಮಾಷೆ ಎಂದುಕೊಂಡು ಮತ್ತೆ ಕೊಡಲು ಹೋದ. ಇವಳು ಓಡಿ ಮನೆಯೊಳಗೆ ಸೇರಿಕೊಂಡಳು.

ಹಿಂದೆ ಹೋದೆ. ಮಂಚದ ಮೇಲೆ ಕೈ ತೊಡೆಯ ಕೆಳಗೆ ಹಾಕಿ ಕೂತಿದ್ದಳು. ಆಗ ನೆನಪಾಯಿತು. ಐದು ದಿನದಿಂದ ಕಿಟಕಿಯ ಕುಂಡಕ್ಕೆ ನೀರು ಹಾಕಿಲ್ಲ, ನನ್ನನ್ನು ಹಾಕು ಅನ್ನುತ್ತಾಳೆ. ಹಾಲಿನ ಪಾತ್ರೆ ಎತ್ತುವುದಿಲ್ಲ. ಅಂಗಡಿಗೆ ಬಂದರೆ ಕನ್ನಡಿಯಿಂದ ದೂರ ನಿಲ್ಲುತ್ತಾಳೆ. ನಾನು ನೋಡಿದ್ದೆ, ದೊಡ್ಡವಳಾಗುತ್ತಿದ್ದಾಳೆ, ಗಂಭೀರವಾಗಿದ್ದಾಳೆ ಎಂದುಕೊಂಡಿದ್ದೆ. ಹದಿನೆಂಟು ವರ್ಷ ಜನರ ಮುಖವನ್ನು ಒಂದು ಗೇಣು ದೂರದಿಂದ ನೋಡಿದವನು ನಾನು.

ಅವಳು ಕೇಳಿದಳು. "ಅಮ್ಮ ಹೋಗಿದ್ದೂ ನನ್ನಿಂದಾನೇ ಇರಬೇಕು, ಅಲ್ವಾ ಅಪ್ಪ? ಅವತ್ತು ಅವಳ ಪೆಟ್ಟಿಗೆ ನಾನೇ ಜೋಡಿಸಿಕೊಟ್ಟೆ."

ಇಲ್ಲ ಎಂದೆ. ಅವಳು ನಂಬಲಿಲ್ಲ, ಯಾಕೆ ನಂಬಬೇಕು.

ಸಂದರ್ಶನದ ಆ ಕಾಗದ ಕನ್ನಡಿಯ ಹಿಂದೆ ಬಿದ್ದಿರಲಿಲ್ಲ. ನಾನೇ ಇಟ್ಟಿದ್ದೆ. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ಹೂಂ ಅಂದು, ಹಿಂದಿನಿಂದ ಇಟ್ಟೆ. ಹೆಂಡತಿ ದುಡಿಯಲು ಹೋದರೆ ನನ್ನ ಕೈ ತಪ್ಪಿ ಹೋಗುತ್ತಾಳೆಂದು ಹೆದರಿಕೆ. ಇದೇ ಊರಿನ ಆಸ್ಪತ್ರೆ, ಇಲ್ಲಿಂದ ಎರಡು ಬೀದಿ. ಕೊಟ್ಟಿದ್ದರೆ ಅಲ್ಲಿಗೆ ನಡೆದು ಹೋಗಿ ಸಂಜೆ ನಡೆದು ಬರುತ್ತಿದ್ದಳು.

ಬರೆದಾಯಿತು.

ಮಾರ್ಚ್ ೨೭, ಗುರುವಾರ

ಹೇಳಿದೆ. ಅವಳು ಶಾಲೆಯಿಂದ ಬಂದು ಚೀಲ ಇಳಿಸುವುದಕ್ಕೂ ಬಿಡದೆ, ಅಂಗಡಿ ಬಾಗಿಲು ಎಳೆದು, ಗಿರಾಕಿ ಕೂರುವ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮೊಣಕಾಲೂರಿ ಕೂತು ಹೇಳಿದೆ. ಬಾಟಲಿಗೆ ನಾನು ನೀರು ಹಾಕುತ್ತಿದ್ದೆ. ಮೊದಲ ಸಲ ಗೊತ್ತಿಲ್ಲದೆ, ಆಮೇಲೆ ಗೊತ್ತಿದ್ದು. ನೀನು ಹೋಗುವುದು ತಡವಾಗಲಿ ಎಂದು. ಮಾತು ತಿರುಗಿಸಲಿಲ್ಲ, ಸಿಹಿ ಸವರಲಿಲ್ಲ.

ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು.

"ಹಾಗಾದ್ರೆ ನನ್ನ ಕೈ ಸರಿ ಇದೆಯಾ?"

"ನಿನ್ನ ಕೈ ಚಿನ್ನದಂಥ ಕೈ ಮಗಾ. ಕೆಟ್ಟದ್ದು ಮಾಡಿದ್ದು ನಾನು. ಅಮ್ಮ ಹೋಗಿದ್ದೂ ನನ್ನಿಂದ, ನಿನ್ನಿಂದಲ್ಲ."

ಆಗ ಅತ್ತಳು. ಆ ಹಳೆಯ ಅಳು, ಸಣ್ಣಗೆ, ಎಳೆದೆಳೆದು. ತಬ್ಬಿಕೊಳ್ಳಲು ಹೋದೆ, ಭುಜ ಹಿಂದಕ್ಕೆ ಎಳೆದುಕೊಂಡಳು. ಎಷ್ಟು ಸಲ ಹಾಕಿದೆ ಎಂದು ಕೇಳಿದಳು. ಐದು ಎಂದೆ. ಯಾವ ಯಾವ ದಿನ ಎಂದು ಕೇಳಿದಳು. ಹೇಳಿದೆ. ಪುಸ್ತಕ ತೆಗೆದು, ಒಂದೊಂದು ತಾರೀಖಿನ ಎದುರಿಗೂ "ಕಾರಣ: ಅಪ್ಪ" ಎಂದು ಬರೆದಳು. ಅಕ್ಷರ ಎಂದಿನ ಹಾಗೇ ದುಂಡಗೆ ಇತ್ತು. ಬರೆದು ಮುಗಿಸಿ, ಎದ್ದು, ದರ್ಜಿಯ ಅಂಗಡಿಗೆ ಹೋದಳು. ಕೂಸು ಇವತ್ತೂ ಅಲ್ಲಿಗೆ ಬಂದಿತ್ತಂತೆ, ಒಂದು ಗಂಟೆ ಎತ್ತಿಕೊಂಡೇ ಕೂತಿದ್ದಳಂತೆ.

ಮಾರ್ಚ್ ೨೮, ಶುಕ್ರವಾರ

ಶಾಲೆಗೆ ಕೊನೆಯ ದಿನ, ಇನ್ನು ರಜೆ. ಅಮ್ಮನಿಗೆ ಫೋನ್ ಮಾಡಿದ್ದೇನೆ, ಭಾನುವಾರ ಬರುತ್ತಾಳೆ, ನಾನು ಹೋಗುತ್ತೇನೆ ಎಂದು ಬಾಗಿಲಲ್ಲಿ ನಿಂತು ತಿಳಿಸಿದಳು. ಏಳು ಆಗಬೇಕಿತ್ತಲ್ಲ ಎಂಬ ಮಾತು ನನ್ನ ಬಾಯಲ್ಲಿ ಬಂತು, ನುಂಗಿಕೊಂಡೆ. ಸಂಜೆ ಹೊಸದಾಗಿ ಪಟಿಕ ಕರಗಿಸಿ ಬಾಟಲಿ ತುಂಬಿದಳು. ತುಂಬಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಅಂಗಡಿಯ ಮುಂದಿನಿಂದಲೇ ಹಾಯ್ದು, ದರ್ಜಿಯ ಕಿಟಕಿಯಲ್ಲಿ ಇಟ್ಟು ಬಂದಳು.

ಅಲ್ಲೇ ಬೆಳೆಯಲಿ. ಇಲ್ಲಿಗಿಂತ ಅಲ್ಲಿ ಕ್ಷೇಮ. ಇದನ್ನು ಬರೆಯಲು ಕಾಲು ಗಂಟೆ ಹಿಡಿಯಿತು.

ಮಾರ್ಚ್ ೨೯, ಶನಿವಾರ

ದರ್ಜಿ ಗಡ್ಡಕ್ಕೆ ಬಂದ. ಏನೂ ಕೇಳಲಿಲ್ಲ. ಅವನ ಬಾಯಿಗೆ ಬೀಗ ಬಿದ್ದದ್ದನ್ನು ನಾನು ಇದೇ ಮೊದಲು ನೋಡಿದ್ದು. ಏಳುವಾಗ ಭುಜದ ಮೇಲೆ ಕೈಯಿಟ್ಟು, ಹರಳು ಹಿಡಿದಿದೆ ಮಾರಾಯ, ನಾನು ಇಸ್ತ್ರಿ ಪೆಟ್ಟಿಗೆಯನ್ನೂ ಆ ಕಡೆ ಇಡುತ್ತಿಲ್ಲ ಅಂದ.

ಮಗಳ ಬಟ್ಟೆ ಜೋಡಿಸಿದೆ. ಕೇಳಿಯೇ ಜೋಡಿಸಿದೆ, ಇದು ಇಡಲಾ, ಇದು ಬೇಡವಾ ಎಂದು ಒಂದೊಂದಕ್ಕೂ. ಅವಳು ಹೂಂ, ಉಹೂಂ ಎರಡೇ ಮಾತಾಡಿದಳು. ಮಾತಾಡಿದಳಲ್ಲ, ಅದೇ ಸಾಕು.

ಮಾರ್ಚ್ ೩೦, ಭಾನುವಾರ

ಹನ್ನೊಂದು ಗಂಟೆಗೆ ಅವಳಮ್ಮ ಬಂದಳು. ಸೊರಗಿದ್ದಾಳೆ, ಕಣ್ಣಿಗೆ ಕನ್ನಡಕ ಬಂದಿದೆ. ಮಗಳು ಹೋಗಿ ಸೊಂಟಕ್ಕೆ ಅಂಟಿಕೊಂಡು ನಿಂತಳು, ಆಮೇಲೆ ಹರಳು ತರಲು ದರ್ಜಿಯಲ್ಲಿಗೆ ಓಡಿದಳು. ಆ ಐದು ನಿಮಿಷ ಬಿಟ್ಟರೆ ಇನ್ನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಟಲಿಯ ವಿಷಯ ಹೇಳಿದೆ. ಅದು ಮಗಳಿಂದ ತಿಳಿದಿತ್ತು. ಆಮೇಲೆ ಕಾಗದದ ವಿಷಯ ಹೇಳಿದೆ. ಬಿದ್ದದ್ದಲ್ಲ, ಬಚ್ಚಿಟ್ಟದ್ದು ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಗೊತ್ತಿತ್ತು. ಲಕೋಟೆ ಒಡೆದಿತ್ತು, ಬೀಳೋ ಲಕೋಟೆ ತಾನಾಗಿ ಒಡೆಯುತ್ತಾ? ನೀವಾಗಿ ಹೇಳ್ತೀರ ಅಂತ ಒಂದು ವರ್ಷ ಕಾದೆ."

ಒಂದು ವರ್ಷ. ದಿನಾ ನನ್ನ ಎದುರು ಊಟಕ್ಕೆ ಕೂತು, ನನ್ನ ಅಂಗಿಗೆ ಗುಂಡಿ ಹಾಕಿ, ಇವತ್ತು ಹೇಳಬಹುದು, ನಾಳೆ ಹೇಳಬಹುದು ಎಂದು ಕಾದಿದ್ದಾಳೆ. ಕೆಲಸ ಹೋದದ್ದಕ್ಕೆ ಅವಳು ಹೋದದ್ದಲ್ಲ. ನಾನು ಬಾಯಿ ತೆರೆಯಲಿಲ್ಲ ಎಂದು ಹೋದಳು. ಇವತ್ತು ತೆರೆದೆನಲ್ಲ ಎಂದೆ. ಇವತ್ತು ತೆರೆದಿರಿ ಎಂದಳು. ಅದರಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ಏನಾದರೂ ಕೇಳಿಕೊಳ್ಳುತ್ತಿದ್ದೆ.

ಬಸ್ಸಿನವರೆಗೆ ಪೆಟ್ಟಿಗೆ ಹೊತ್ತೆ. ನಮ್ಮ ಮಗಳು ಕಿಟಕಿಯ ಪಕ್ಕ ಕೂತಳು. ಟಾಟಾ ಮಾಡಲಿಲ್ಲ. ಬಸ್ಸು ತಿರುವಿನವರೆಗೂ ನನ್ನನ್ನು ನೋಡುತ್ತಿದ್ದಳು, ಅದನ್ನು ನಾನು ಕಣ್ಣಾರೆ ಕಂಡೆ.

ಅದೇ ದಿನ, ಸಂಜೆ

ಫೋನ್ ಬಂತು. ಅವಳಮ್ಮ ಎಂದುಕೊಂಡು ಎತ್ತಿದೆ, ಮಗಳೇ ಇದ್ದಳು. ತಲುಪಿದೆವು ಅಂದಳು. ಅದನ್ನು ಹೇಳಲು ಅಮ್ಮ ಹೇಳಿಕೊಟ್ಟಿರಬೇಕು. ಆಮೇಲೆ ಫೋನ್ ಇಡುತ್ತಾಳೆ ಎಂದು ಕಾದೆ. ಇಡಲಿಲ್ಲ. ಊಟ ಆಯಿತಾ ಎಂದು ಕೇಳಿದಳು. ಇಲ್ಲ, ಒಲೆ ಹಚ್ಚಲು ಮನಸ್ಸಾಗಲಿಲ್ಲ ಎಂದೆ.

"ಅಪ್ಪ, ಅಳ್ತಿದ್ದೀಯಾ?"

"ಹೌದು ಮಗಾ."

"ನಾನೂ."

ಹೋಗಿ ಏನಾದರೂ ತಿನ್ನು, ತಿಂದ ಮೇಲೆ ಫೋನ್ ಮಾಡಿ ಹೇಳು, ತಿನ್ನದೆ ತಿಂದೆ ಅನ್ನಬೇಡ ಎಂದಳು. ಎರಡು ಮೊಟ್ಟೆ ಬೇಯಿಸಿಕೊಂಡೆ. ಒಂದನ್ನು ತಿನ್ನಲು ಆಯಿತು, ಇನ್ನೊಂದು ಆಗಲಿಲ್ಲ. ಫೋನ್ ಮಾಡಿ, ಒಂದು ತಿಂದೆ ಎಂದು ಹೇಳಿದೆ.